ಅರ್ಧ ನೀರು

ಐಸ್ ಕ್ಯಾಂಡಿಯ ತೊಟ್ಟಿಗೆ ಹೊಳೆಮ್ಮ ದಾರ ಕಟ್ಟಿದ ಎರಡು ಬಾಟ್ಲಿಗಳನ್ನು ಇಳಿಬಿಟ್ಟಾಗ ಅಂಗಡಿಯ ಮಾಲೀಕ ಕೊಟ್ರಯ್ಯ ಪೇಪರಿನಿಂದ ತಲೆ ಎತ್ತಿದ. ಹನ್ನೊಂದು ವರ್ಷ ಬರೀ ಕ್ಯಾಂಡಿಯ ಅಚ್ಚುಗಳನ್ನು ಮುಳುಗಿಸಿದವಳು ಇವತ್ತು ಕೆಮ್ಮಿನ ಔಷಧಿಯ ಬಾಟ್ಲಿ ಮುಳುಗಿಸುತ್ತಿರುವುದನ್ನು ಕಂಡು, ಹಂಪಿಗೆ ಬರುವ ಜನ ಹೊಸ ರುಚಿ ಏನಾದರೂ ಕೇಳಿದರೇ ಎಂದು ವಿಚಾರಿಸಿದ.

"ಲಾರಿ ಕೂಲೆಂಟು, ಅಯ್ನೋರ. ಒಂದು ಅಪ್ಪಟ, ಒಂದಕ್ಕ ಅರ್ಧ ನೀರು."

ಅವಳ ಗಂಡ ಅಂಜಿನಿ ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸಿಕೊಂಡಿದ್ದವನು. ಎಂಟು ತಿಂಗಳ ಹಿಂದೆ ಗುತ್ತಿಗೆದಾರ ಹತ್ತು ಟಿಪ್ಪರುಗಳ ಜೊತೆ ಅವನನ್ನೂ ಲಡಾಖಿನ ರಸ್ತೆ ಕೆಲಸಕ್ಕೆ ಒಯ್ದಿದ್ದ. ಗಾದಿಗನೂರಿನಲ್ಲಿ ಹುಟ್ಟಿದವನಿಗೆ ಚಳಿ ಎಂದರೆ ಕಿವಿಗೆ ಟವೆಲ್ ಸುತ್ತಿಕೊಳ್ಳುವಷ್ಟು. ರೇಡಿಯೇಟರಿಗೆ ನಲ್ಲಿ ನೀರಲ್ಲದೆ ಬೇರೇನನ್ನೂ ಸುರಿದು ಗೊತ್ತಿಲ್ಲ. ಅಲ್ಲಿ ನೀರು ಗಡ್ಡೆ ಕಟ್ಟುತ್ತದೆಂದು ಕೇಳಿ ಅವನು ಬಹಳ ಯೋಚಿಸಿದ್ದ. ಗಡ್ಡೆ ಕಟ್ಟುವುದು ನೀರು ತಾನೇ, ನೀರನ್ನೇ ಬಿಟ್ಟರಾಯಿತು. ನಿನ್ನೆ ಫೋನಿನಲ್ಲಿ, ಒಂದು ಹನಿ ನೀರು ಸೋಕಿಸದೆ ಅಪ್ಪಟ ಕೂಲೆಂಟನ್ನೇ ತುಂಬಿದ್ದೇನೆಂದು ಹೆಮ್ಮೆಯಿಂದ ಹೇಳಿದ್ದ. ಇನ್ನೊಂದು ಮಾತನ್ನೂ ಹೇಳಿದ್ದ. ಚಳಿಗೆ ಯಾರ ಗಾಡಿ ಸ್ಟಾರ್ಟ್ ಆಗುವುದಿಲ್ಲವೋ ಅವರಿಗೆ ಏಪ್ರಿಲ್‌ವರೆಗೆ ರಜೆ, ಊರಿಗೆ ಹೋಗಬಹುದು.

ಹೊಳೆಮ್ಮನಿಗೆ ಹೋದ ಬೇಸಿಗೆ ನೆನಪಾಗಿತ್ತು. ಕೂಲೆಂಟಿನಲ್ಲಿರುವ ಗ್ಲೈಕಾಲೇ ಅಚ್ಚುಗಳನ್ನು ತಂಪು ಮಾಡುವ ಕ್ಯಾಂಡಿ ತೊಟ್ಟಿಯ ದ್ರವದಲ್ಲೂ ಇರುವುದು. ಜಾಸ್ತಿ ತಂಪಾಗಲೆಂದು ಕೊಟ್ರಯ್ಯ ನೀರು ಬೆರೆಸದೆ ಅದನ್ನು ತುಂಬಿ, ಎಲ್ಲವೂ ಗಂಜಿಯಾಗಿ ಪಂಪು ಕಚ್ಚಿಕೊಂಡು, ಎರಡು ದಿನ ಅಂಗಡಿ ಮುಚ್ಚಿದ್ದ.

ಮಧ್ಯಾಹ್ನ ದಾರ ಎಳೆದಳು. ಅಪ್ಪಟದ್ದು ತುಪ್ಪದಂತೆ ಹೆಪ್ಪುಗಟ್ಟಿತ್ತು. ನೀರು ಬೆರೆಸಿದ್ದು ಸಲೀಸಾಗಿ ಅಲುಗಿತು.

"ಬ್ಯಾರೆ ಬ್ಯಾರೆ ಇಟ್ರ ಎರಡೂ ಗಟ್ಟಿ ಆಗ್ತಾವ," ಎಂದ ಕೊಟ್ರಯ್ಯ, ಅನುಭವಸ್ಥನ ಗತ್ತಿನಲ್ಲಿ. "ಕೂಡಿದ್ರ ಒಂದನ್ನೊಂದು ಗಟ್ಟಿ ಆಗಾಕ ಬಿಡಂಗಿಲ್ಲ. ನಿನ್ ಗಂಡಂದು ಅಪ್ಪಟ, ಗಾಡಿ ನಿಲ್ತದ. ಅಂವ ಮನಿಗೆ ಬಂದ ಅಂತ ತಿಳ್ಕೋ."

ಹೊಳೆಮ್ಮ ನೀರು ಬೆರೆಸಿದ ಬಾಟ್ಲಿಯನ್ನು ಮತ್ತೆ ತೊಟ್ಟಿಗಿಳಿಸಿದಳು. ಮನೆಗೆ ಹೋಗುತ್ತ ಗಂಡನಿಗೆ ಇಷ್ಟವಾದ ಒಣಮೀನು ಕೊಂಡಳು. ಬಾಗಿಲ ಹಿಂದೆ ಅವನ ಖಾಕಿ ಅಂಗಿಯ ಮೊಳೆ ಎಂಟು ತಿಂಗಳಿಂದ ಖಾಲಿ ಇತ್ತು; ಅದಕ್ಕೆ ಅವಳು ಏನನ್ನೂ ತೂಗುಹಾಕಿರಲಿಲ್ಲ. ಅವತ್ತು ಅದರ ಧೂಳು ಒರೆಸಿದಳು. ನೀರು ಬೆರೆಸುವ ವಿಷಯ ಅವನಿಗೆ ಹೇಳಬಾರದೆಂದು ನಿರ್ಧರಿಸಿಯಾಗಿತ್ತು. ತಾನು ಸುಳ್ಳೇನೂ ಹೇಳುತ್ತಿಲ್ಲವಲ್ಲ.

ಏಳು ಗಂಟೆಗೆ ಅಂಜಿನಿಯ ಫೋನು ಬಂತು. ಊಟ, ಕೆಮ್ಮು, ಸಾಹೇಬರ ಸಿಡುಕು ಎಲ್ಲ ಆದ ಮೇಲೆ, ನಾಳೆ ಲೋಡು ತುಂಬಿ ಘಾಟಿ ಹತ್ತಬೇಕೆಂದ.

"ನಡುವ ಗಾಡಿ ನಿಂತ್ರ?"

"ನಿಂತ್ರ ಬೆಳಗಾಗೂ ಮಟ ಯಾರೂ ಬರಂಗಿಲ್ಲ," ಎಂದು ನಕ್ಕ.

ಅವಳು ಖಾಲಿ ಮೊಳೆಯತ್ತ ನೋಡಿದಳು.

"ಕೂಲೆಂಟು ಅರ್ಧ ತಗದು ನೀರು ಹಾಕು."

"ಯಾರ್ ಹೇಳಿದ್ರು ನಿನಗ?"

"ತೊಟ್ಟ್ಯಾಗ ಇಟ್ಟು ನೋಡೀನಿ. ನಿಂದು ಗಟ್ಟಿ ಆತು."

"ಲೇ, ಕ್ಯಾಂಡಿ ಮಾಡಾಕಿ ನನಗ ಗಾಡಿ ಕಲಸ್ತೀಯೇನು?"

"ಹೂಂ, ಕಲಸ್ತೀನಿ. ಈಗ ಹೋಗಿ ಹಾಕ್ತೀಯೋ ಇಲ್ಲೋ?"

ಹತ್ತು ದಿನಕ್ಕೆ ಅಂಜಿನಿಯ ಫೋನಿನಲ್ಲಿ ಸುದ್ದಿ ಬಂತು. ಏಳು ಟಿಪ್ಪರುಗಳು ಚಳಿಗೆ ಕಚ್ಚಿಕೊಂಡು, ಅವುಗಳ ಡ್ರೈವರುಗಳೆಲ್ಲ ಊರಿನ ದಾರಿ ಹಿಡಿದಿದ್ದರು. ಅಂಜಿನಿಯದು ಮಾತ್ರ ಮೊದಲ ಕೀಗೇ ಸ್ಟಾರ್ಟ್ ಆಗುತ್ತಿತ್ತಂತೆ. ಸಾಹೇಬರು ಬೆನ್ನು ತಟ್ಟಿ ಏಪ್ರಿಲ್‌ವರೆಗೆ ಇರು ಎಂದಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಅವನ ದನಿ ಸಣ್ಣಗಾಗಿತ್ತು.

"ಕೇಳಾಕತ್ತೀಯೇನು?"

"ಕೇಳಾಕತ್ತೀನಿ. ಛಲೋ ಆತು ಬಿಡು."

ಮರುದಿನ ಅಚ್ಚುಗಳನ್ನು ಇಳಿಸುವಾಗ ಕೈಗೆ ದಾರ ತಾಕಿತು. ಎಳೆದು, ಬಾಟ್ಲಿಯ ಮೇಲೆ ಕಟ್ಟಿದ ಬಿಳಿ ಮಂಜನ್ನು ಸೆರಗಿನಿಂದ ಒರೆಸಿ, ಬಗ್ಗಿಸಿದಳು. ಒಳಗಿನದು ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ಹರಿಯಿತು. ಅದನ್ನು ಮತ್ತೆ ತೊಟ್ಟಿಗೆ ಇಳಿಬಿಟ್ಟಳು.