ಕೆಳಮನೆಯ ಪೊರಕೆ ಕೋಲು

ಟಕ್! ಎಂದಿತು ನೆಲ, ಕೆಳಗಿನಿಂದ.

ತೆರುವೊ ಓಡಿಹೋಗಿ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿಬಿಟ್ಟ. ಆ ಅವಸರಕ್ಕೆ ಚಹಾದ ಲೋಟ ಉರುಳಿ ಚಾಪೆಯೆಲ್ಲ ಒದ್ದೆಯಾಯಿತು. ಒರೆಸುವುದಕ್ಕೂ ಧೈರ್ಯ ಸಾಲದೆ ಒಂಟಿಕಾಲಿನ ಕೊಕ್ಕರೆಯಂತೆ ನಿಂತುಕೊಂಡ. ಇನ್ನೂ ಹಾಡುಹಗಲು. ಹೊರಗೆ ಬಾಲ್ಕನಿಗಳಲ್ಲಿ ಹಾಸಿಗೆ ಕೊಡವುವ ಸದ್ದು, ಮಕ್ಕಳ ಸೈಕಲ್ಲಿನ ಗಂಟೆ. ಕೆಳಗಿನ ಮನೆಯಲ್ಲಿ ಮಾತ್ರ ಉಸಿರಿಲ್ಲ.

"ಮತ್ತೆ ಗುದ್ದಿದ್ನಾ?" ಅಡುಗೆಮನೆಯಿಂದ ಹೆಂಡತಿ ಮಾಸಾಯೆ ಇಣುಕಿದಳು.

"ಶ್! ಮೆಲ್ಲಗೆ ಮಾತಾಡೆ. ಕೇಳಿಸ್ಕೊಂಡಾನು."

ಸ್ವಂತ ಮನೆಯಲ್ಲಿ ಕಳ್ಳರ ಹಾಗೆ ಪಿಸುಗುಟ್ಟುತ್ತ ಬದುಕುವ ಗತಿ ಬಂದು ಎರಡು ತಿಂಗಳಾಗಿತ್ತು. ತೆರುವೊ ಒಸಾಕಾದಲ್ಲಿ ಟ್ಯಾಕ್ಸಿ ಓಡಿಸುವವನು. ರಾತ್ರಿಯೆಲ್ಲ ಕುಡುಕರ ಪ್ರಲಾಪ ಕೇಳಿ, ಬೆಳಿಗ್ಗೆ ಬಂದು ಮಲಗಿ, ಮಧ್ಯಾಹ್ನ ಎದ್ದಮೇಲೆ ಅವನಿಗಿದ್ದ ಸುಖ ಒಂದೇ: ಹಾಡಿಗೆ ಕಸುವು ತುಂಬುವ ಹಳೆಯ ಕಾಲದ ವಾಲ್ವ್ ರಿಸೀವರು, ಸೊಂಟದೆತ್ತರದ ಎರಡು ಸ್ಪೀಕರು, ಒಂದು ಕಪಾಟು ಜಾಝ್ ರೆಕಾರ್ಡು. ರಿಸೀವರಿನ ಕಸುವು ಅಷ್ಟಕ್ಕಷ್ಟೆ. ಆದರೆ ಆ ಸ್ಪೀಕರುಗಳ ಒಳಗೆ ಕಂಪಿಸಿ ಸದ್ದು ಮಾಡುವ ಕಾಗದ ಎಷ್ಟು ಹಗುರವೆಂದರೆ, ಇದು ಪಿಸುಗುಟ್ಟಿದರೂ ಅವು ಎದೆ ತುಂಬಿ ಹಾಡುತ್ತಿದ್ದವು. ನಿಪ್ಪೊನ್‌ಬಾಶಿ ಬೀದಿಯಲ್ಲಿ ಹಳೆಯ ಯಂತ್ರಗಳನ್ನು ಮಾರುವ ತೊಕು ಎಂಬ ಮುದುಕ ಹಲವು ಜೋಡಿ ಕೂಡಿಸಿ, ಬಿಡಿಸಿ, ಕೊನೆಗೆ "ಇವು ಮೇಡ್ ಫಾರ್ ಈಚ್ ಅದರ್ ಕಣಯ್ಯ, ಅಗಲಿಸ್ಬೇಡ" ಎಂದು ಹರಸಿ ಕೊಟ್ಟಿದ್ದ ಜೋಡಿ ಅದು.

ವಸಂತದಲ್ಲಿ ಕೆಳಮನೆಗೆ ಸಕಾಮಾಕಿ ಎಂಬವನು ಬಂದ. ಹೊಸದಾಗಿ ಬಂದವರು ಒಂದು ಟವೆಲ್ಲನ್ನೋ ಸೋಪನ್ನೋ ಹಿಡಿದು ಮೇಲೆ ಕೆಳಗೆ ಅಕ್ಕಪಕ್ಕದ ಬಾಗಿಲು ತಟ್ಟಿ, ತಲೆ ಬಗ್ಗಿಸಿ ಹೋಗುವುದು ರೂಢಿ. ಇವನು ಬರಲಿಲ್ಲ. ಅದೇ ಮೊದಲ ಅಪಶಕುನ. ಎರಡನೆಯದನ್ನು ನಿವಾಸಿಗಳ ಸಂಘದ ಮುಖ್ಯಸ್ಥೆ ಇನಾದಾ ಅಮ್ಮ ಕಸದ ತೊಟ್ಟಿಯ ಹತ್ತಿರ ಮಾಸಾಯೆಯ ಕಿವಿಗೆ ಹಾಕಿದ್ದಳು: "ಎಡಗೈ ನೋಡಿದ್ಯಾ? ಕಿರುಬೆರಳೂ ಇಲ್ಲ, ಪಕ್ಕದ್ದೂ ಇಲ್ಲ."

ಕಿರುಬೆರಳಿಲ್ಲದ ಕೈ ಎಂದರೆ ಏನರ್ಥ ಎಂದು ಅಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಯಾಕುಜಾ ಗೂಂಡಾಗಳು ತಪ್ಪು ಮಾಡಿದರೆ ಬೆರಳು ಕತ್ತರಿಸಿ ಒಡೆಯನ ಮುಂದಿಟ್ಟು ಕ್ಷಮೆ ಕೇಳುತ್ತಾರೆ. ಒಂದು ತಪ್ಪಿಗೆ ಒಂದು ಬೆರಳು. ಇವನು ಎರಡು ಕೊಟ್ಟವನು! ಸಾಲದ್ದಕ್ಕೆ ಎಲ್ಲೋ ಪಿಯಾನೋ ಸದ್ದು ತಾಳಲಾರದೆ ಒಬ್ಬ ಪಕ್ಕದ ಮನೆಯವರನ್ನು ಇರಿದ ಕಥೆಯನ್ನು ತೆರುವೊನ ಟ್ಯಾಕ್ಸಿ ಹತ್ತಿದವರೆಲ್ಲ ಮೆಲುಕು ಹಾಕಿದ್ದರು. ಹೆದರುವವನ ಮೇಲೆ ಕಪ್ಪೆ ಎಸೆದ ಹಾಗಾಯಿತು. ತಾನು ರಾತ್ರಿ ಪಾಳಿಗೆ ಹೋದಾಗ ಮಾಸಾಯೆ ಒಬ್ಬಳೇ ಇರುತ್ತಾಳೆ, ಕೆಳಗೆ ಅವನಿರುತ್ತಾನೆ. ಇದೊಂದು ಯೋಚನೆ ಬಂದರೆ ಸ್ಟಿಯರಿಂಗ್ ಹಿಡಿದ ಕೈ ಬೆವರುತ್ತಿತ್ತು.

"ಒಂದು ಡಬ್ಬಿ ಸಿಹಿ ತಗೊಂಡು ಹೋಗಿ, ತಪ್ಪಾಯ್ತು ಅಂತ ಬಗ್ಗಿ ಬನ್ನಿ," ಎಂದಳು ಮಾಸಾಯೆ.

"ಹೋದೋನು ವಾಪಸ್ ಬರದಿದ್ರೆ?"

"ಸಿಹಿ ಡಬ್ಬಿನಾದ್ರೂ ವಾಪಸ್ ಕಳಿಸ್ತಾನಾ ನೋಡೋಣ."

ಅವಳಿಗೂ ಭಯವೇ. ಭಯವಾದಾಗ ಅವಳು ಹೀಗೆ ಕುಟುಕುತ್ತಿದ್ದಳು.

ತೆರುವೊ ಸಿಹಿ ಅಂಗಡಿಗೆ ಹೋಗಲಿಲ್ಲ, ತೊಕುವಿನ ಅಂಗಡಿಗೆ ಹೋದ. ಕೆಳಗೆ ಸದ್ದು ಇಳಿಯದಂಥ ಸ್ಪೀಕರು ಬೇಕೆಂದ.

"ಹಾಗಾದ್ರೆ ಸ್ಪೀಕರ್ ಯಾಕೆ, ಹತ್ತಿ ತಗೊಂಡೋಗು, ಕಿವಿಗೆ ತುರುಕ್ಕೊ," ಎಂದ ತೊಕು. ಕೊನೆಗೆ ಇಟ್ಟಿಗೆಯಷ್ಟು ಉದ್ದಗಲದ ಎರಡು ಸಣ್ಣ ಪೆಟ್ಟಿಗೆ ತೆಗೆದು ಮುಂದಿಟ್ಟ. "ನೋಡೋಕೆ ಸಣ್ಣವು, ಹಸಿವು ಮಾತ್ರ ಬಕಾಸುರಂದು. ನಿನ್ನ ಮುದುಕ ರಿಸೀವರ್ ಇವಕ್ಕೆ ಉಣಬಡಿಸೋಷ್ಟರಲ್ಲಿ ಏದುಸಿರು ಬಿಡ್ತಾನೆ. ಮಂದ್ರಸ್ವರ ಅಂತೂ ಮರೆತುಬಿಡು. ಜೋಡಿ ಅಲ್ಲ ಕಣೋ ಇದು, ಜಗಳ."

"ಪರವಾಗಿಲ್ಲ, ಕೊಡಿ."

"ಯಾರಿಗಯ್ಯ ಇಷ್ಟು ಹೆದರ್ತೀಯ? ಹೆಂಡ್ತಿಗಾ?"

ತೆರುವೊ ಹಣ ಎಣಿಸಿಟ್ಟು ಪೆಟ್ಟಿಗೆಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದ.

ತೊಕು ಹೇಳಿದಂತೆಯೇ ಆಯಿತು. ಹಾಡು ಸಪ್ಪೆಯಾಗಿ, ನೆಗಡಿಯಾದ ಮೂಗಿನಿಂದ ಬಂದಂತೆ ಬಂತು. ತಂತಿವಾದ್ಯದ ಆಳದ ಗುಂಯ್‌ಕಾರ ಪೂರ್ತಿ ಮಾಯ. ಸ್ವಲ್ಪವಾದರೂ ಜೀವ ಬರಲೆಂದು ಸದ್ದಿನ ತಿರುಗಣಿ ಏರಿಸಿದರೆ ರಿಸೀವರು ಕಾದ ಬಾಣಲೆಯಾಯಿತು. ಕೆಳಗೆ ಏನೂ ಇಳಿದಿರಲಾರದು ಎಂದು ತೆರುವೊ ಎದೆ ಸವರಿಕೊಳ್ಳುವಷ್ಟರಲ್ಲಿ ನೆಲ ಗುದ್ದಿತು. ಈ ಸಲ ಒಂದಲ್ಲ. ಟಕ್ ಟಕ್ ಟಕ್! ಎಲ್ಲಿ, ಎಲ್ಲಿ ಎಂದು ಜಬರಿಸುವ ಹಾಗೆ. ದೊಡ್ಡ ಸದ್ದಿಗೆ ಒಂದು ಗುದ್ದು, ಸಣ್ಣ ಸದ್ದಿಗೆ ಮೂರು ಗುದ್ದು! ಹಾಗಾದರೆ ಇದು ಸದ್ದಿನ ಸಿಟ್ಟಲ್ಲ, ನಮ್ಮ ಮೇಲಿನ ಹಗೆ ಎಂದುಕೊಂಡ.

ಆ ವಾರ ಮಾಸಾಯೆ ಈರುಳ್ಳಿ ಸೊಪ್ಪು ತರಲು ಹೋದವಳು ಬರಿಗೈಯಲ್ಲಿ ಓಡಿಬಂದಳು.

"ಮೆಟ್ಟಿಲ ಮೇಲೆ ನಿಂತಿದ್ದ ರೀ. ಅಡ್ಡ ನಿಂತ. ಏನೋ ಹೇಳೋಕೆ ಬಾಯಿ ತೆಗೆದ. ನಾನು ಚೀಲ ಬಿಸಾಕಿ ಓಡ್ಬಂದೆ."

"ಮುಟ್ಟಿದ್ನಾ?"

"ಇಲ್ಲ. ಆದ್ರೆ ಆ ಕೈ... ಆ ಕೈ ಎತ್ತಿದ."

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದು ನೋಡಿದರೆ ಚೀಲ ಹೊಸ್ತಿಲಾಚೆ ಇತ್ತು. ಚೆಲ್ಲಿದ ಸೊಪ್ಪನ್ನೆಲ್ಲ ನೀಟಾಗಿ ಜೋಡಿಸಿ ಇಟ್ಟಿತ್ತು. ಹೆದರಿದವನಿಗೆ ಅದೂ ಬೆದರಿಕೆಯಾಗಿಯೇ ಕಂಡಿತು. ಮನೆ ಬಾಗಿಲವರೆಗೂ ಬಂದಿದ್ದಾನಲ್ಲ!

ತೆರುವೊ ನೆಟ್ಟಗೆ ಇನಾದಾ ಅಮ್ಮನ ಮನೆಗೆ ಹೋದ. ಹೋಗುವಾಗ ಇದ್ದದ್ದು ನೆಲದ ಗುದ್ದು, ಮೆಟ್ಟಿಲ ಮೇಲಿನ ಅರೆಮಾತು. ಅಲ್ಲಿ ಕೂತು ಹೇಳುವಾಗ ಕಡ್ಡಿ ಗುಡ್ಡವಾಯಿತು. ಕೋಲು ಹಿಡಿದು ಬೆದರಿಸುತ್ತಾನೆ, ಹೆಂಡತಿಯನ್ನು ಅಡ್ಡಗಟ್ಟಿ ಕೈಯೆತ್ತಿದ, ಕೊಲ್ಲುತ್ತೇನೆ ಎಂದ. ಕೊನೆಯ ಮಾತು ಬಾಯಿಂದ ಹೇಗೆ ಜಾರಿತೋ ತೆರುವೊಗೇ ತಿಳಿಯಲಿಲ್ಲ. ಜಾರಿದ್ದನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

"ಇಷ್ಟು ಸಾಕು. ಭಾನುವಾರ ಸಂಜೆ ಸಭೆ ಕರೀತೀನಿ. ಮನೆ ಖಾಲಿ ಮಾಡಿಸೋಣ," ಎಂದಳು ಇನಾದಾ ಅಮ್ಮ. "ನಿಮ್ಮ ಹೆಸರು ಹೇಳಲ್ಲ ಬಿಡಿ. ನೀವು ಬರೋದೂ ಬೇಡ."

ಭಾನುವಾರ ಮಧ್ಯಾಹ್ನ ರಿಸೀವರು ಸುಟ್ಟ ವಾಸನೆ ಬೀರತೊಡಗಿತು. ಸಣ್ಣ ಪೆಟ್ಟಿಗೆಗಳಿಗೆ ಉಣಬಡಿಸಿ ಮುದುಕ ಸುಸ್ತಾಗಿದ್ದ. ಒಳಗೆ ಏನಾದರೂ ಸತ್ತೇಹೋಯಿತೋ ಎಂಬ ದಿಗಿಲಿಗೆ ತೆರುವೊ ಅದನ್ನು ಆರಲು ಬಿಟ್ಟು, ಆಮೇಲೆ ಹಳೆಯ ದೊಡ್ಡ ಸ್ಪೀಕರುಗಳನ್ನು ಎಳೆದು ತಂದು ಕಟ್ಟಿದ. ಪರೀಕ್ಷೆಗೆಂದು ಒಂದು ರೆಕಾರ್ಡು ಹಾಕಿ, ಮುಳ್ಳು ಇಳಿಸಿ, ಗೋಡೆ ಮತ್ತು ಕಪಾಟಿನ ಸಂದಿಯಲ್ಲಿ ತೂರಿಕೊಂಡು ಹಿಂಬದಿಯ ತಂತಿಗಳನ್ನು ಬಿಗಿ ಮಾಡತೊಡಗಿದ. ಮುದುಕ ಬದುಕಿದ್ದ. ಡಬಲ್ ಬೇಸ್ ಎಂಬ ಆಳೆತ್ತರದ ತಂತಿವಾದ್ಯದ ದಪ್ಪ ತಂತಿ ಮಿಡಿದದ್ದೇ ಚಾಪೆಯ ಅಡಿಯಲ್ಲಿ ನೆಲ ನವಿರಾಗಿ ನಡುಗಿತು.

ಟಕ್.

ತೆರುವೊ ಎದ್ದೇಳಲು ಹೋದ. ಅಂಗಿಯ ತೋಳು ಮೊಳೆಗೆ ಸಿಕ್ಕಿಕೊಂಡಿತ್ತು. "ಮುಳ್ಳೆತ್ತೇ! ಬೇಗ ಮುಳ್ಳೆತ್ತು!" ಎಂದು ಕೂಗಿದ. ಮಾಸಾಯೆ ಬಾಗಿಲ ಚಿಲಕವನ್ನು ಎರಡೂ ಕೈಯಿಂದ ಹಿಡಿದು ನಿಂತುಬಿಟ್ಟಿದ್ದಳು, ಕದಲಲಿಲ್ಲ.

ಟಕ್. ಟಕ್. ಟಕ್.

ಎರಡು ತಿಂಗಳಲ್ಲಿ ಮೊದಲ ಸಲ ತೆರುವೊ ಎರಡನೆಯ ಗುದ್ದನ್ನೂ, ಅದರ ನಂತರದ್ದನ್ನೂ ದೊಡ್ಡ ಸ್ಪೀಕರಿನ ಹಾಡಿನ ಜೊತೆಯಲ್ಲಿ ಕೇಳಿಸಿಕೊಂಡ. ಡ್ರಮ್ಮಿನ ಜೊತೆ ಬಂತು. ಡ್ರಮ್ ನಿಂತಲ್ಲಿ ನಿಂತಿತು. ಬೇಸ್ ಒಂಟಿಯಾಗಿ ನಡೆಯುವ ಭಾಗ ಬಂದಾಗ ಕೆಳಗೆ ಸಂಪೂರ್ಣ ಮೌನ. ಎಲ್ಲರೂ ಮತ್ತೆ ಕೂಡಿದ ಕ್ಷಣಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ತಪ್ಪದೆ, ಟಕ್.

"ರೀ," ಎಂದಳು ಮಾಸಾಯೆ, "ಅವನು ಗುದ್ದುತ್ತಿಲ್ಲ. ತಾಳ ಹಾಕ್ತಿದ್ದಾನೆ."

ತೆರುವೊಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇನಾದಾ ಅಮ್ಮನ ಎದುರು ಆಡಿದ ಮಾತು ನೆನಪಾಯಿತು.

ಹಾಡು ಮುಗಿಯಿತು. ಕೆಳಗೆ ಬಾಗಿಲು ತೆರೆದ ಸದ್ದು, ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ. ಕರೆಗಂಟೆ ಮೊಳಗಿತು. ತೆರೆಯದಿದ್ದರೆ ಆಗದು ಎಂದು ಇಬ್ಬರಿಗೂ ಗೊತ್ತಿತ್ತು. ತೆರುವೊ ತೆರೆದ.

ಬಾಗಿಲು ತುಂಬುವಂಥ ಆಳು. ಹಳೆಯ ಕೋಟು ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿದ್ದ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಮಾಸಿದ ಕಾಗದ ಸುತ್ತಿದ ಟವೆಲ್ಲು. ಸೊಂಟ ಮುರಿಯುವಷ್ಟು ಬಗ್ಗಿದ.

"ಕೆಳಗಡೆ ಮನೆ ಸಕಾಮಾಕಿ. ಬಂದ ದಿನಾನೇ ಕೊಡಬೇಕಿತ್ತು, ತಡವಾಯ್ತು, ಕ್ಷಮಿಸಿ. ಮೊದಲನೇ ಬಾಗಿಲಲ್ಲೇ ಆ ಸಂಘದ ಅಮ್ಮ ಈ ಕೈ ನೋಡಿ ಮುಖದ ಮೇಲೇ ಬಾಗಿಲು ಹಾಕಿದ್ರು. ಆಮೇಲೆ ಯಾರ ಮನೆಗೂ ಹೋಗೋಕೆ ಧೈರ್ಯ ಬರ್ಲಿಲ್ಲ."

"ಕೈಗೆ..." ಎಂದ ತೆರುವೊ.

"ಕಾರ್ಖಾನೇಲಿ ಪ್ರೆಸ್ ಮಷೀನು. ಹಗಲು ಅಲ್ಲಿ ದುಡೀತಿದ್ದೆ, ರಾತ್ರಿ ಕ್ಯಾಬರೇಲಿ ಬೇಸ್ ನುಡಿಸ್ತಿದ್ದೆ. ಬೆರಳು ಹೋದ ಮೇಲೆ ಬೇಸೂ ಹೋಯ್ತು." ಅವನು ನಾಚಿಕೆಯಿಂದ ನಕ್ಕ. "ನಿಮ್ಮ ಹಾಡಲ್ಲಿ ಕೆಳಕ್ಕೆ ಇಳಿಯೋದು ಬೇಸು, ಜೊತೆಗಿಷ್ಟು ಡ್ರಮ್ಮು. ಅಷ್ಟೇ ಸಾಕಿತ್ತು ನಂಗೆ. ಸ್ಟೇಜ್ ಮೇಲಾದ್ರೆ ಕಾಲಲ್ಲಿ ತಾಳ ಹಾಕ್ತಿದ್ದೆ. ಕಾಲು ಸೂರಿಗೆ ಮುಟ್ಟಲ್ವಲ್ಲ, ಅದಕ್ಕೆ ಪೊರಕೆ. ಒಂದು ತಟ್ಟಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ. ತಾಳ ತಪ್ಪಿದ್ನೇನೋ, ಮೇಲಿನವರಿಗೆ ಬೇಜಾರಾಯ್ತೇನೋ ಅಂತ ಕುಗ್ಗಿಹೋಗ್ತಿದ್ದೆ. ಆಮೇಲೆ ಬೇಸೇ ಬರೋದು ನಿಂತೋಯ್ತು. ಎಲ್ಲಿ ಹೋಯ್ತು ಅಂತ ಮೂರು ಸಲ ತಟ್ಟಿದೆ. ಏನಾಯ್ತು ಅಂತ ಅಮ್ಮಾವ್ರನ್ನ ಕೇಳೋಣ ಅಂದ್ರೆ, ಪಾಪ, ಹೆದರಿ ಓಡಿದ್ರು."

ಮಾಸಾಯೆ ನೆಲ ನೋಡುತ್ತಿದ್ದಳು.

"ಇವತ್ತು ಸಂಜೆ ಸಭೆಗೆ ಬರೋಕೆ ಹೇಳಿದ್ದಾರೆ. ಯಾರೋ ದೂರು ಕೊಟ್ಟಿದ್ದಾರಂತೆ, ನಾನು ಕೊಲ್ತೀನಿ ಅಂದೆ ಅಂತ." ಸಕಾಮಾಕಿ ತಲೆಯೆತ್ತಿ ನೋಡಿದ. "ನೀವಲ್ಲ ತಾನೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತೆರುವೊನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು.

"ಅಲ್ಲ," ಎಂದ. "ಅಲ್ಲವೇ ಅಲ್ಲ."

"ಗೊತ್ತಿತ್ತು. ಇಂಥ ರೆಕಾರ್ಡ್ ಕೇಳೋರು ಹಾಗೆಲ್ಲ ಮಾಡಲ್ಲ," ಎಂದ ಸಕಾಮಾಕಿ. "ಒಂದು ಕೇಳ್ಕೋತೀನಿ. ಎರಡು ತಿಂಗಳು ಹಾಡಿನ ಕೆಳಗಿನರ್ಧ ಕೇಳಿದೀನಿ. ಹೋಗೋ ಮುಂಚೆ ಮೇಲಿನರ್ಧಾನೂ ಕೇಳಿಸ್ತೀರಾ?"

ತೆರುವೊ ಮುಳ್ಳು ಇಳಿಸಿದ. ಸಕಾಮಾಕಿ ಸ್ಪೀಕರುಗಳ ಎದುರು ಮಂಡಿಯೂರಿ ಕೂತ. ಉಳಿದ ಎರಡು ಬೆರಳೂ ಹೆಬ್ಬೆರಳೂ ಪೊರಕೆ ಕೋಲಿನ ಮೇಲೆ ತಂತಿ ಹುಡುಕುವಂತೆ ಆಡುತ್ತಿದ್ದವು. ಸ್ಯಾಕ್ಸೊಫೋನ್ ಬಂದಾಗ "ಓ, ಇವನಾ ಮೇಲಿದ್ದೋನು!" ಎಂದ. ಮಾಸಾಯೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಹೋಗುವಾಗ ಅವನು ಪೊರಕೆಯನ್ನು ಬಾಗಿಲ ಪಕ್ಕ ಒರಗಿಸಿದ. "ಇದು ಇಲ್ಲೇ ಇರಲಿ. ನಿಮಗೆ ಭಯ ಬೇಡ. ಇನ್ನು ತಟ್ಟಲ್ಲ."

ಹೆಜ್ಜೆಗಳು ಮೆಟ್ಟಿಲಿಳಿದು ಅಂಗಳದಾಚೆಯ ಸಭಾಕೋಣೆಯ ಕಡೆ ಹೋದವು. ತೆರುವೊ ಚಾಪೆಯ ಮೇಲೆ ಕುಸಿದ. ಈಗ ಬಂದ ಭಯ ಎರಡು ತಿಂಗಳ ಭಯಕ್ಕಿಂತ ದೊಡ್ಡದಾಗಿತ್ತು. ಹೇಳಿದರೆ ಇಡೀ ಕಟ್ಟಡದ ಬಾಯಿಗೆ ಬೀಳಬೇಕು. ಸುಳ್ಳುಬುರುಕ ಎಂದು ಯಾರೂ ಮುಖ ಕೊಡುವುದಿಲ್ಲ, ಹೆಂಡತಿ ಕಸ ಹಾಕಲು ಹೋದರೂ ಬೆನ್ನು ತಿರುಗಿಸುತ್ತಾರೆ.

"ಹೋಗ್ತೀರೋ, ನಾನು ಹೋಗ್ಲೋ?" ಎಂದಳು ಮಾಸಾಯೆ.

"ನೀನ್ಯಾಕೆ?"

"ಗಂಡಸರು ಯಾರೂ ಮನೇಲಿ ಇರ್ಲಿಲ್ಲ ಅಂತೀನಿ."

ತೆರುವೊ ಎದ್ದ. ಕೈಗೆ ಆಸರೆ ಬೇಕೆನಿಸಿ ಪೊರಕೆಯನ್ನೇ ಹಿಡಿದುಕೊಂಡು ಇಳಿದ.

ಸಭಾಕೋಣೆಯಲ್ಲಿ ಜನ ಕಿಕ್ಕಿರಿದಿದ್ದರು. ಇನಾದಾ ಅಮ್ಮ ನಿಂತು ಮಾತಾಡುತ್ತಿದ್ದಳು. ಎಲ್ಲರ ಮುಂದೆ ಒಬ್ಬನೇ ಕೂತಿದ್ದ ಸಕಾಮಾಕಿ ಎಡಗೈಯನ್ನು ಬಲಗೈಯಡಿ ಮುಚ್ಚಿಟ್ಟುಕೊಂಡಿದ್ದ. ತೆರುವೊ ಬಾಗಿಲಲ್ಲಿ ನಿಂತು ಬಾಯಿ ತೆರೆದ. ಯಾರೂ ಇತ್ತ ನೋಡಲಿಲ್ಲ. ಇನ್ನೊಂದು ಗಳಿಗೆ ತಡೆದರೆ ತಾನು ಓಡಿಹೋಗುತ್ತೇನೆಂದು ಅವನಿಗೆ ಖಚಿತವಾಗಿ ಗೊತ್ತಾಯಿತು. ಕೋಲಿನ ತುದಿಯಿಂದ ಮರದ ನೆಲವನ್ನು ಗುದ್ದಿದ.

ಟಕ್!

ಎಲ್ಲರೂ ತಿರುಗಿದರು.

"ದೂರು ಕೊಟ್ಟದ್ದು ನಾನು," ಎಂದ. "ಅವರು ಕೊಲ್ತೀನಿ ಅಂದಿಲ್ಲ. ನಾನೇ ಕಟ್ಟಿ ಹೇಳ್ದೆ. ಹೆದರಿಕೆಗೆ."

ಸಕಾಮಾಕಿ ತಿರುಗಿ ನೋಡಲಿಲ್ಲ. ಅವನ ಅಗಲ ಬೆನ್ನು ಮಾತ್ರ ನಿಧಾನವಾಗಿ ಬಗ್ಗಿತು.

"ಏನಂದ್ರಿ?" ಇನಾದಾ ಅಮ್ಮ ಕಿವಿಗೆ ಕೈಯಿಟ್ಟಳು. "ಹಿಂದಿನವರಿಗೆ ಕೇಳಿಸ್ತಿಲ್ಲ. ಸ್ವಲ್ಪ ಗಟ್ಟಿಯಾಗಿ."

ತೆರುವೊ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಬಂದ. ಅವನು ಮೊದಲಿಂದ, ಗಟ್ಟಿಯಾಗಿ ಹೇಳಿದ.