ಡ್ರೈವರ್ ಸೀಟಿನ ದಿಂಬು

ನಾನು ಒಂದು ದಿಂಬು. ಗದಗಿನ ಬಸಲಿಂಗವ್ವ ಕೌದಿ ಹೊಲಿದು ಉಳಿದ ಚಿಂದಿಯಿಂದ ನನ್ನನ್ನು ಹುಟ್ಟಿಸಿದಳು. ಅವಳ ಸೊಸೆ ಕಸ್ತೂರಿ ತುಸು ಗಿಡ್ಡ. ಕಾರು ಓಡಿಸುವಾಗ ರಸ್ತೆ ಕಾಣಬೇಕಾದರೆ ಅವಳ ಕೆಳಗೆ ನಾನಿರಬೇಕು. ಬಸಲಿಂಗವ್ವನ ಮಗ ಮಹಾಂತೇಶನೋ ಬಿದಿರಿನಷ್ಟು ಉದ್ದ. ನನ್ನ ಮೇಲೆ ಕೂತರೆ ಅವನ ತಲೆ ಚಾವಣಿಗೆ ಬಡಿಯುತ್ತಿತ್ತು.

ಮನೆಗೆ ಕಾರು ಒಂದೇ. ಕಸ್ತೂರಿ ಊರಾಚೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅಲ್ಲಿಗೆ ಬಸ್ಸು ಬಂದರೆ ಬಂತು. ಮಹಾಂತೇಶನ ಬಟ್ಟೆ ಅಂಗಡಿ ನಡೆದು ಹೋಗುವಷ್ಟು ಹತ್ತಿರ. ಆದರೆ, "ಮಾಲಕ ನಡಕೋತ ಬಂದ್ರ ಮಂದಿ ಏನಂದಾರು?" ಎನ್ನುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಎದ್ದ ಮೇಲೆ ಶುರುವಾಗುತ್ತಿತ್ತು.

ಕೇಳಿ ಕೇಳಿ ಸಾಕಾಗಿ ಬಸಲಿಂಗವ್ವ ಒಂದು ಕಟ್ಟಳೆ ಮಾಡಿದಳು. "ಮುಂಜಾನೆ ದಿಂಬು ಗಾಡ್ಯಾಗಿದ್ರ ಗಾಡಿ ಅಕೀದು, ಸೋಫಾದ ಮ್ಯಾಲಿದ್ರ ನಿಂದು. ಬಾಯಿ ಮಾಡಬ್ಯಾಡ್ರಿ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕಸ್ತೂರಿ ರಂಗೋಲಿ ಹಾಕಿ ನನ್ನನ್ನು ಕಾರಿನಲ್ಲಿಡುವಳು. ಮಹಾಂತೇಶ ಹಲ್ಲುಜ್ಜುತ್ತ ಬಂದು ಸೋಫಾಕ್ಕೆ ಒಗೆಯುವನು. ಅವರ ಮಾತು ಕಡಿಮೆಯಾಯಿತು, ನನ್ನ ಓಡಾಟ ಹೆಚ್ಚಾಯಿತು. ನನಗೇನೂ ಅನ್ನಿಸಲಿಲ್ಲ. ತುಳಿಸಿಕೊಂಡ ಚಿಂದಿಗೆ ಏನು ಅನ್ನಿಸೀತು?

ಆ ವರ್ಷ ಹತ್ತನೇ ತರಗತಿಯ ಪರೀಕ್ಷಾ ಕೇಂದ್ರದ ಹೊಣೆ ಮೊದಲ ಸಲ ಕಸ್ತೂರಿಗೆ ಬಂತು. ವರ್ಷಗಟ್ಟಲೆ ಅದಕ್ಕಾಗಿ ಕಾದಿದ್ದಳು. "ಸೋಮವಾರ ಪರೀಕ್ಷಾ ಶುರು, ಗಾಡಿ ನನಗ ಬೇಕ್ರಿ, ತಪ್ಪಸಬ್ಯಾಡ್ರಿ" ಎಂದು ಮೊದಲೇ ಹೇಳಿದ್ದಳು. ಅವನು ಹೂಂ ಎಂದಿದ್ದ.

ಸೋಮವಾರ ಅವಳು ಸ್ನಾನಕ್ಕೆ ಹೋದಾಗ ಅವನು ಬಂದ, ನನ್ನನ್ನು ಎತ್ತಿ ಒಗೆದ, ಕಾರು ತೆಗೆದುಕೊಂಡು ಹೋದ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೈ ತನ್ನ ರೂಢಿ ಮುಗಿಸಿತ್ತು, ಅಷ್ಟೇ. ಕಸ್ತೂರಿ ಬ್ಯಾಗು ಹಿಡಿದು ಹೊರಬಂದು ನನ್ನನ್ನು ನೋಡಿದಳು. ಅಳಲಿಲ್ಲ. ಸ್ವಲ್ಪ ಹೊತ್ತು ಸೋಫಾದಲ್ಲಿ ನನ್ನ ಮೇಲೆಯೇ ಕೂತು, ಎದ್ದು ಬಸ್‌ಸ್ಟ್ಯಾಂಡಿಗೆ ನಡೆದಳು. ಅವಳು ಕೇಂದ್ರ ಮುಟ್ಟುವಷ್ಟರಲ್ಲಿ ಆ ಹೊಣೆ ಬೇರೊಬ್ಬರ ಕೈ ಸೇರಿತ್ತು. ಮತ್ತೆಂದೂ ಅವಳಿಗೆ ಬರಲಿಲ್ಲ.

"ಮರತಬಿಟ್ಟೆ ನೋಡು" ಎಂದ ಅವನು, ಸಂಜೆ.

"ಇರ್ಲಿ ಬಿಡ್ರಿ" ಎಂದಳು. ಅವಳೊಳಗೆ ಏನೋ ಮರಗಟ್ಟಿತು. ಮುಂದೆ ಅವಳು ಗಾಡಿ ಕೇಳಲಿಲ್ಲ. ತನ್ನದೇ ಒಂದು ಕೊಂಡಳು. ಅದರ ಸೀಟು ತಾನೇ ಮೇಲೇರುತ್ತದೆ, ನಾನು ಬೇಕಿಲ್ಲ. ಬಸಲಿಂಗವ್ವ ತೀರಿಕೊಂಡಳು. ಮನೆಯಲ್ಲಿ ಜಗಳವಿಲ್ಲ. ಇಬ್ಬರಿಗೆ ಎರಡು ಕಾರು, ಪುಣ್ಯವಂತರು ಎಂದು ಓಣಿಯವರು ಹೊಗಳುತ್ತಾರೆ.

ಈಗ ನನಗೂ ವಯಸ್ಸಾಗಿದೆ, ಹೊಲಿಗೆ ಬಿಟ್ಟಿದೆ. ಮಹಾಂತೇಶನಿಗೆ ಟೊಂಕ ನೋವು. ಅವನ ಬೆನ್ನ ಹಿಂದೆ ಬಿದ್ದಿರುತ್ತೇನೆ. ಮೊನ್ನೆ ನಂಟರ ಮದುವೆಗೆ ಇಬ್ಬರೂ ಹೊರಟರು, ಒಂದೇ ಮನೆಯಿಂದ ಒಂದೇ ಮದುವೆಗೆ, ಎರಡು ಕಾರಿನಲ್ಲಿ. ರೈಲ್ವೆ ಗೇಟು ಬಿದ್ದು ಎರಡೂ ಅಕ್ಕಪಕ್ಕ ನಿಂತವು. ಅವಳು ಮುಂದೆ ನೋಡುತ್ತಿದ್ದಳು. ಅವನು ಅವಳನ್ನು ನೋಡುತ್ತಿದ್ದ. ಗೇಟು ಎದ್ದಾಗ ಕೈ ಬೀಸಿ, "ನೀ ಮೊದಲ ಹೋಗು, ಕಸ್ತೂರಿ" ಎಂದ.

ಗಾಜು ಏರಿಸಿತ್ತು. ಅದು ಕೇಳಿದ್ದು ನನಗೊಬ್ಬನಿಗೆ. ಅವಳ ಕಾರು ಆಗಲೇ ಹಳಿ ದಾಟಿತ್ತು.