ಹದಿನಾಲ್ಕನೇ ನಂಬರು

ಜೇನು ಮಿಸ್ ಯಾರನ್ನೂ ಗದರಿದವರಲ್ಲ. ಮಕ್ಕಳು ಆ ಹೆಸರಿಟ್ಟದ್ದೂ ಅವರ ದನಿ ಕೇಳಿಯೇ. ನಾಲ್ಕನೇ ತರಗತಿಗೆ ಗುಂಗಿ ಸೇರಿದ ದಿನ ಅವರು ಫೈಲಿನಲ್ಲಿ ಆಟಿಸಂ ಎಂಬ ಪದ ಓದಿ, ಅದನ್ನು ಮೆತ್ತಗೆ ಮುಚ್ಚಿ, ಅವಳ ತಾಯಿಯ ಕೈ ಹಿಡಿದುಕೊಂಡರು.

"ನೀವೇನೂ ತಲೆ ಕೆಡಿಸ್ಕೋಬೇಡಿ ಅಮ್ಮಾ. ಓದು, ಬರಿ ಅಂತ ನಾನು ಮಗೂನ ಪೀಡಿಸೋದೇ ಇಲ್ಲ. ಖುಷಿಯಾಗಿದ್ರೆ ಸಾಕು."

ತಾಯಿ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಹಿಂದಿನ ಎರಡು ಶಾಲೆಗಳ ದೂರು ಕೇಳಿ ಕೇಳಿ ಸಾಕಾಗಿ ಹೋಗಿತ್ತು. ಸದಾ ಏನಾದರೂ ಗುನುಗುವ ಮಗಳಿಗೆ ಗುಂಗಿಹುಳದ ಹೆಸರಿಟ್ಟವಳು ಅವಳೇ.

ಮಿಸ್ ಮಾತಿಗೆ ತಪ್ಪಲಿಲ್ಲ. ಗುಂಗಿಗೆ ಕಿಟಕಿ ಪಕ್ಕದ ಬೆಂಚು ಸಿಕ್ಕಿತು, ಪೋಣಿಸಲು ಒಂದು ಡಬ್ಬಿ ಮಣಿ ಸಿಕ್ಕಿತು. ಹಾಜರಿಯಲ್ಲಿ ಅವಳದು ಹದಿನಾಲ್ಕನೇ ನಂಬರು. ಓದುವ ಸರದಿ ಮಾತ್ರ ಹದಿಮೂರರಿಂದ ಹದಿನೈದಕ್ಕೆ ಹಾರುತ್ತಿತ್ತು. ಪರೀಕ್ಷೆಯ ಹಾಳೆ ಖಾಲಿಯಿದ್ದರೂ ಪಾಸು. ತಿಂಗಳೊಳಗೆ ಮಕ್ಕಳೂ ಅವಳನ್ನು ಆಟಕ್ಕೆ ಕರೆಯುವುದು ಬಿಟ್ಟರು.

ಮಿಸ್ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಎರಡು ತಿಂಗಳಿಗೆಂದು ಬದಲಿ ಮೇಷ್ಟ್ರು ಬಂದರು. ಎಳೆ ಮೀಸೆ, ದೊಗಲೆ ಅಂಗಿ. ಫೈಲು ನೋಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

"ನಂಬರ್ ಹದಿನಾಲ್ಕು, ಓದು."

"ಸಾರ್, ಅವಳಿಗೆ ಬರಲ್ಲ," ಎಂದಿತು ಇಡೀ ಕ್ಲಾಸು.

"ನಿಮ್ಮನ್ನ ಕೇಳಿದ್ನಾ?"

ಕಾದರು. ಒಂದು ನಿಮಿಷ, ಎರಡು. ಯಾರೋ ಕಿಸಕ್ಕೆಂದರು. ಗುಂಗಿಯ ಗುನುಗು ನಿಂತಿತು. ಎದ್ದು, ಕಿಟಕಿಯ ಕಡೆ ತಿರುಗಿ ಓದಿದಳು. ಏರಿಳಿತವಿಲ್ಲದ ದನಿ, ಒಂದಕ್ಷರ ತಪ್ಪಿಲ್ಲ. ಪ್ಯಾರಾ ಮುಗಿದರೂ ನಿಲ್ಲಿಸಲಿಲ್ಲ; ಪಾಠದ ಕೊನೆಯ ಪ್ರಶ್ನೆಗಳನ್ನೂ ಪುಟದ ಸಂಖ್ಯೆಯನ್ನೂ ಓದಿಯೇ ಕೂತಳು.

ಸಂಜೆ ಮೇಷ್ಟ್ರು ಹೇಳಿದಾಗ ತಾಯಿ ನಕ್ಕುಬಿಟ್ಟಳು. "ನಮ್ಮ ಗುಂಗೀನಾ? ಬೇರೆ ಯಾರೋ ಇರ್ಬೇಕು ಸಾರ್." ಆ ನಗು ಮುಂದೆ ಬಹಳ ದಿನ ಅವಳನ್ನೇ ಚುಚ್ಚಿತು.

ಎರಡು ತಿಂಗಳು ಆ ಸರದಿ ತಪ್ಪಲಿಲ್ಲ. ಲೆಕ್ಕ ತಪ್ಪಿದರೆ ಮೇಷ್ಟ್ರು ಎಲ್ಲರಿಗೂ ಹೇಳುವ ಹಾಗೆ "ತಪ್ಪು, ಮತ್ತೆ ಮಾಡು" ಎನ್ನುತ್ತಿದ್ದರು. ಪಕ್ಕದ ಬೆಂಚಿನ ಹುಡುಗಿ ಒತ್ತಕ್ಷರ ಕೇಳಲು ಗುಂಗಿಯ ಹತ್ತಿರ ಬರತೊಡಗಿದಳು.

ಆಮೇಲೆ ಜೇನು ಮಿಸ್ ಊರುಗೋಲು ಹಿಡಿದು ಮರಳಿದರು. ಮೇಷ್ಟ್ರು ವಿಷಯ ತಿಳಿಸಿಯೇ ಹೊರಟರು. "ಬಾಯಿಪಾಠ ಇರುತ್ತೆ ಬಿಡಿ, ಪಾಪ," ಎಂದರು ಮಿಸ್.

ಮರುದಿನ ಹದಿಮೂರನೆಯವನು ಓದಿ ಕೂತ. ಗುಂಗಿ ಎದ್ದು ನಿಂತಳು.

"ಬೇಡ ಮರೀ, ಕೂತ್ಕೋ."

ದಿನವೂ ಎದ್ದಳು. ದಿನವೂ ಕೂರಿಸಿದರು. ಒಂಬತ್ತನೇ ದಿನ ಅವಳು ಕೂರಲಿಲ್ಲ. ಮಿಸ್ ಭುಜ ಹಿಡಿದು ಮೆಲ್ಲಗೆ ಅದುಮಿದರು. ಗುಂಗಿ ಕಿರುಚಿದಳು, ಪುಸ್ತಕ ಕೈಬಿಡದೆ ಅವರ ಮಣಿಕಟ್ಟು ಕಚ್ಚಿದಳು.

ಹೆಡ್ ಮೇಷ್ಟ್ರ ಕೋಣೆಯಲ್ಲಿ ಮಿಸ್ ಬ್ಯಾಂಡೇಜು ಸುತ್ತಿದ ಕೈಯಿಂದ ಕಣ್ಣೊರೆಸಿಕೊಂಡರು. "ಆ ಬದಲಿ ಮೇಷ್ಟ್ರು ಒತ್ತಡ ಹಾಕಿ ಮಗೂನ ಹಾಳು ಮಾಡಿದ್ರು. ನಾನು ಒಂದಿನಾನೂ ಗದರಿಲ್ಲ."

"ಗದರಿಲ್ಲ ಮಿಸ್," ಎಂದಳು ತಾಯಿ. "ಓದು ಅಂತಾನೂ ಅಂದಿಲ್ಲ."

ಹೆಡ್ ಮೇಷ್ಟ್ರು ಕಾಗದವೊಂದನ್ನು ಮುಂದೆ ತಳ್ಳಿದರು. ಸೋಮವಾರದಿಂದ ಗುಂಗಿಗೆ ಕಟ್ಟಡದ ಹಿಂಬದಿಯ ವಿಶೇಷ ಕೊಠಡಿ. ಒಪ್ಪದಿದ್ದರೆ ಬೇರೆ ಶಾಲೆ ನೋಡಿಕೊಳ್ಳಬೇಕು. ನೋಡಿಕೊಳ್ಳಲು ಬೇರೆ ಶಾಲೆ ಉಳಿದಿರಲಿಲ್ಲ. ತಾಯಿ ಸಹಿ ಹಾಕಿದಳು.

ಮನೆಗೆ ಬಂದು ಪಾಠದ ಪುಸ್ತಕ ತೆರೆದಿಟ್ಟಳು. "ಓದೇ ಕಂದಾ, ನಾನು ಕೇಳ್ತೀನಿ."

ಗುಂಗಿ ಪುಟದ ಕಡೆ ನೋಡಲೂ ಇಲ್ಲ. "ಬೇಡ ಮರೀ, ಕೂತ್ಕೋ," ಎಂದಳು. ಥೇಟ್ ಮಿಸ್ ದನಿ.

ತಾಯಿ ಅವರಿವರನ್ನು ಕೇಳಿ ಬದಲಿ ಮೇಷ್ಟ್ರ ಫೋನ್ ನಂಬರು ಹುಡುಕಿದಳು. ಅವರು ಆಗಲೇ ದೂರದ ಯಾವುದೋ ಶಾಲೆಯಲ್ಲಿದ್ದರು. ಅವಳನ್ನು ಹೇಗೆ ಓದಿಸಿದಿರಿ ಎಂದು ಕೇಳಿದಳು.

"ನಾನೇನೂ ವಿಶೇಷ ಮಾಡ್ಲಿಲ್ಲಮ್ಮಾ. ಅವಳ ವಿಷಯ ನಂಗೆ ಗೊತ್ತಿರ್ಲಿಲ್ಲ, ಅಷ್ಟೇ. ಗೊತ್ತಿದ್ದಿದ್ರೆ ನಾನೂ ಕೇಳ್ತಿರ್ಲಿಲ್ವೇನೋ."

ಗುಂಗಿಗೆ ಈಗ ಹನ್ನೆರಡು ತುಂಬಿದೆ. ಲಾಂಡ್ರಿಯಿಂದ ಬಂದು ಕೈಕಾಲು ತೊಳೆದ ಮೇಲೆ ತಾಯಿ ಇವತ್ತಿಗೂ ಅವಳ ಮುಂದೆ ಪುಸ್ತಕ ತೆರೆದಿಟ್ಟು ಕೂರುತ್ತಾಳೆ. ಅವಳು ಮತ್ತೆ ಓದಿಲ್ಲ.